ಚಂದ್ರನ ಲೆಕ್ಕ, ಹೇಮಾವತಿಯ ನೀರು: ಮೀನುಗಾರಿಕೆ ಕ್ಯಾಲೆಂಡರ್ ಆ್ಯಪ್‌ನ ಐದು ವರ್ಷಗಳ ಬಳಕೆ

ಯಾವ ದಿನ, ಯಾವ ಹೊತ್ತಿಗೆ ಗಾಳ ಹಾಕಿದರೆ ಮೀನು ಸಿಗುವ ಸಾಧ್ಯತೆ ಹೆಚ್ಚು ಎಂಬುದನ್ನು ಚಂದ್ರನ ಸ್ಥಾನ, ಹವಾಮಾನ ಮತ್ತು ಋತುವನ್ನು ನೋಡಿ ತಿಳಿಸುವ ಆ್ಯಪ್ ಒಂದನ್ನು ನಾನು ವಾರ್ಷಿಕ ಚಂದಾ ಕಟ್ಟಿ ಐದು ವರ್ಷ ಬಳಸಿದ್ದೇನೆ. ಅದರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಈ ಬಗೆಯ ಆ್ಯಪ್‌ಗಳಲ್ಲಿ ಹೆಚ್ಚಿನವು ಒಂದೇ ಮೂಲದ ಲೆಕ್ಕವನ್ನು ನೆಚ್ಚಿಕೊಂಡಿರುವುದರಿಂದ, ನಾನು ಹೇಳುವ ಮಾತು ಬೇರೆಯವುಗಳಿಗೂ ಬಹುಮಟ್ಟಿಗೆ ಅನ್ವಯಿಸೀತು. ನಾನು ಗಾಳ ಹಾಕುವುದು ಶೆಟ್ಟಿಹಳ್ಳಿ ಕಡೆಯ ಹೇಮಾವತಿ ಹಿನ್ನೀರಿನಲ್ಲಿ ಮತ್ತು ಹಾಸನದಿಂದ ಅರಸೀಕೆರೆವರೆಗಿನ ಕೆಲವು ಕೆರೆಗಳಲ್ಲಿ. ಕೆರೆಯಾದರೆ ಮೀನಿನ ಟೆಂಡರ್ ಹಿಡಿದವರ ಒಪ್ಪಿಗೆ ಪಡೆದೇ ಕೂರುತ್ತೇನೆ. ಸಿಗುವುದು ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ, ಜಿಲೇಬಿ, ಅಪರೂಪಕ್ಕೆ ಕೊರವ. ಪ್ರತಿ ಸಲವೂ ತಿಥಿ, ನೀರಿನ ಮಟ್ಟ, ಮೋಡ, ಗಾಳಿ, ಬಳಸಿದ ಎರೆ ಮತ್ತು ಮೀನು ಕಚ್ಚಿ ಗಾಳದ ಬೆಂಡು ಮುಳುಗಿದ ಹೊತ್ತನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತ ಬಂದಿದ್ದೇನೆ. ಈ ವಿಮರ್ಶೆಗೆ ಆ ನೋಟ್‌ಬುಕ್ಕೇ ಆಧಾರ.

ಈ ಆ್ಯಪ್‌ನ ಹಿಂದಿರುವುದು ಅಮೆರಿಕದ ಜಾನ್ ಆಲ್ಡೆನ್ ನೈಟ್ 1926ರಲ್ಲಿ ರೂಪಿಸಲು ತೊಡಗಿ, 1936ರಲ್ಲಿ ಕೋಷ್ಟಕವಾಗಿ ಪ್ರಕಟಿಸಿದ ‘ಸೋಲುನಾರ್’ ಸಿದ್ಧಾಂತ. ಚಂದ್ರ ನೆತ್ತಿಯ ರೇಖೆಯನ್ನು ದಾಟುವಾಗ ಮತ್ತು ಭೂಮಿಯ ಆಚೆ ಬದಿಯಲ್ಲಿ ಅದಕ್ಕೆ ಸರಿ ಎದುರಿಗೆ ಬಂದಾಗ ಸುಮಾರು ಎರಡೆರಡು ಗಂಟೆಗಳ ಪ್ರಧಾನ ಅವಧಿ, ಚಂದ್ರೋದಯ ಮತ್ತು ಚಂದ್ರಾಸ್ತದ ಹೊತ್ತಿಗೆ ಸುಮಾರು ಒಂದೊಂದು ಗಂಟೆಯ ಉಪ ಅವಧಿ, ಹೀಗೆ ದಿನಕ್ಕೆ ನಾಲ್ಕು ಸಲ ಮೀನು ಹೆಚ್ಚು ಚುರುಕಾಗಿ ಮೇಯುತ್ತದೆ ಎನ್ನುವುದು ಅದರ ತಿರುಳು. ಚಂದ್ರ ಒಮ್ಮೆ ನೆತ್ತಿಗೆ ಬಂದು ಮತ್ತೆ ನೆತ್ತಿಗೆ ಬರಲು ಸರಾಸರಿ 24 ಗಂಟೆ 50 ನಿಮಿಷ ಬೇಕಾಗುವುದರಿಂದ ಈ ಅವಧಿಗಳು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಹಿಂದೆ ಬೀಳುತ್ತವೆ. ಆ್ಯಪ್ ಇವುಗಳ ಜೊತೆಗೆ ವಾಯುಭಾರ, ಉಷ್ಣಾಂಶ ಮತ್ತು ಗಾಳಿಯ ಮಾಹಿತಿಯನ್ನು ಸೇರಿಸಿ, ಪ್ರತಿ ದಿನಕ್ಕೂ ಒಂದರಿಂದ ನಾಲ್ಕು ಮೀನಿನ ಚಿಹ್ನೆಗಳನ್ನು ಕೊಡುತ್ತದೆ.

ಮೊದಲ ವರ್ಷ ಈ ಅವಧಿಗಳು ನನ್ನ ಅನುಭವಕ್ಕೆ ಹೊಂದಲೇ ಇಲ್ಲ. ಕಾರಣ ತಿಳಿಯಲು ಹತ್ತು ತಿಂಗಳು ಬೇಕಾಯಿತು. ಭಾರತದ ಸಮಯವಲಯವನ್ನು ಕೋಲ್ಕತ್ತದ ಹೆಸರಿನಿಂದ ತೋರಿಸುವುದು ಫೋನ್ ಮತ್ತು ಕಂಪ್ಯೂಟರ್‌ಗಳ ರೂಢಿ. ನಾನು ಸ್ಥಳದ ಅನುಮತಿ ಕೊಟ್ಟಿರಲಿಲ್ಲವಾದ್ದರಿಂದ ಆ್ಯಪ್ ಸಮಯವಲಯದ ಆ ಹೆಸರನ್ನೇ ನನ್ನ ಊರೆಂದು ಇಟ್ಟುಕೊಂಡು ಲೆಕ್ಕ ಹಾಕುತ್ತಿತ್ತು. ಕೋಲ್ಕತ್ತ ಇರುವುದು 88 ಡಿಗ್ರಿಗಿಂತ ತುಸು ಹೆಚ್ಚಿನ ಪೂರ್ವ ರೇಖಾಂಶದಲ್ಲಿ, ಹಾಸನ ಇರುವುದು ಸುಮಾರು 76 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಲೆಕ್ಕ ಹಾಕಿದರೆ ಅಂತರ 50 ನಿಮಿಷದ ಹತ್ತಿರ ಹೋಗುತ್ತದೆ. ಒಂದು ಗಂಟೆಯ ಉಪ ಅವಧಿಯಲ್ಲಿ ಐವತ್ತು ನಿಮಿಷ ತಪ್ಪಿದರೆ ಅಲ್ಲಿ ಉಳಿಯುವುದೇನು? ಒಂದು ಹುಣ್ಣಿಮೆಯ ಸಂಜೆ ಏರಿಯ ಮೇಲೆ ಕುಳಿತಿದ್ದಾಗ, ಚಂದ್ರ ಆಗಲೇ ಮೇಲೆ ಬಂದಿರಬೇಕೆಂದು ಆ್ಯಪ್ ತೋರಿಸುತ್ತಿದ್ದರೂ ಪೂರ್ವದ ಬಯಲಿನಲ್ಲಿ ಅದರ ಸುಳಿವೇ ಇರಲಿಲ್ಲ. ಮನೆಗೆ ಬಂದು ಒಂಟಿಕೊಪ್ಪಲ್ ಪಂಚಾಂಗ ತೆಗೆದು ಸೂರ್ಯೋದಯದ ಹೊತ್ತನ್ನು ಹೋಲಿಸಿ ನೋಡಿದ ಮೇಲೆ ದೋಷ ಎಲ್ಲಿದೆ ಎಂಬುದು ಸ್ಪಷ್ಟವಾಯಿತು. ಆದ್ದರಿಂದ ಹೊಸದಾಗಿ ಇಂಥ ಆ್ಯಪ್ ಹಾಕಿಕೊಳ್ಳುವವರಲ್ಲಿ ನನ್ನ ವಿನಂತಿ ಇಷ್ಟೇ: ಮೊದಲ ದಿನವೇ ಅದರ ಸೂರ್ಯೋದಯದ ಸಮಯವನ್ನು ನಿಮ್ಮ ಊರಿನ ಸೂರ್ಯೋದಯದೊಡನೆ ತಾಳೆ ನೋಡಿ.

ಸ್ಥಳ ಸರಿಪಡಿಸಿದ ಮೇಲೆ ಆ್ಯಪ್‌ನ ಚಂದ್ರಗಣಿತದಲ್ಲಿ ಒಂದು ದಿನವೂ ತಪ್ಪು ಕಂಡಿಲ್ಲ. ಈಗ ಅದನ್ನು ತೆರೆಯದೆಯೂ ತಿಥಿಯಿಂದಲೇ ಅಂದಾಜು ಮಾಡುವಷ್ಟು ನನಗೆ ರೂಢಿಯಾಗಿದೆ. ಅಮಾವಾಸ್ಯೆ ಮತ್ತು ಹುಣ್ಣಿಮೆಯಂದು ಪ್ರಧಾನ ಅವಧಿಗಳು ನಡುಹಗಲು ಮತ್ತು ನಡುರಾತ್ರಿಯ ಹತ್ತಿರ ಬೀಳುತ್ತವೆ, ಉಪ ಅವಧಿಗಳು ಬೆಳಗು ಮತ್ತು ಬೈಗಿಗೆ ಸೇರುತ್ತವೆ. ಎರಡೂ ಪಕ್ಷಗಳ ಅಷ್ಟಮಿಯಂದು ಇದು ತಿರುವುಮುರುವಾಗುತ್ತದೆ. ಶುಕ್ಲ ಅಷ್ಟಮಿಯ ಸಂಜೆ ಆರೂಕಾಲು ಆರೂವರೆಯ ಸುಮಾರಿಗೆ ಚಂದ್ರ ನೆತ್ತಿಯಲ್ಲಿರುವುದನ್ನು ಯಾರಾದರೂ ನೋಡಬಹುದು. ಅಂದರೆ ಮೀನು ಹೇಗೂ ದಡದ ಕಡೆಗೆ ಬರುವ ಮುಸ್ಸಂಜೆಗೇ ಪ್ರಧಾನ ಅವಧಿಯೂ ಬಂದು ಕೂಡುತ್ತದೆ. ಆ್ಯಪ್ ಅಮಾವಾಸ್ಯೆ ಹುಣ್ಣಿಮೆಗಳಿಗೆ ನಾಲ್ಕು ಮೀನು ಕೊಟ್ಟು ಅಷ್ಟಮಿಗೆ ಎರಡೇ ಕೊಡುತ್ತದೆ. ನನ್ನ ನೋಟ್‌ಬುಕ್‌ನಲ್ಲಿ ಅಷ್ಟಮಿಯ ಸಂಜೆಗಳು ಹುಣ್ಣಿಮೆಯ ಸಂಜೆಗಳಿಗಿಂತ ಚೆನ್ನಾಗಿವೆ. ಆದರೆ ಇಲ್ಲಿ ಎಚ್ಚರಿಕೆಯಿಂದ ಮಾತನಾಡಬೇಕು. ಆ ಮೀನು ಚಂದ್ರನಿಂದ ಬಂದಿತೋ ಮುಸ್ಸಂಜೆಯಿಂದ ಬಂದಿತೋ ಎಂದು ಬೇರ್ಪಡಿಸಲು ನಾನು ಪಂಚಮಿ, ದಶಮಿಯಂಥ ಬೇರೆ ತಿಥಿಗಳ ಸಂಜೆಗಳಲ್ಲಿಯೂ ಅದೇ ಜಾಗದಲ್ಲಿ ಕುಳಿತು ನೋಡಿದ್ದೇನೆ. ವ್ಯತ್ಯಾಸ ಇದೆ ಎಂದು ಗಟ್ಟಿಯಾಗಿ ಹೇಳುವಷ್ಟು ದೊಡ್ಡದಾಗಿರಲಿಲ್ಲ. ಒಂದೇ ರೀತಿಯ ಎರಡು ಭಾನುವಾರಗಳಲ್ಲಿ ಒಂದನ್ನು ಆರಿಸಬೇಕಾದಾಗ ಚಂದ್ರನ ಮಾತು ಕೇಳುತ್ತೇನೆ, ಅದಕ್ಕಿಂತ ಹೆಚ್ಚಿನ ಭಾರವನ್ನು ಅದರ ಮೇಲೆ ಹೊರಿಸುವುದಿಲ್ಲ.

ಬಲೆ ಬಿಡುವವರ ಅನುಭವ ಬೇರೆ, ಮತ್ತು ಅದಕ್ಕೆ ಕಣ್ಣಿಗೆ ಕಾಣುವ ಕಾರಣವೂ ಇದೆ. ಹಿನ್ನೀರಿನಲ್ಲಿ ತೆಪ್ಪ ಹಾಕುವ ಹಿರಿಯರೊಬ್ಬರನ್ನು “ಯಜಮಾನ್ರೇ, ಹುಣ್ಣಿಮೆ ದಿನ ಯಾಕೆ ಬಲೆ ಬಿಡಲ್ಲ?” ಎಂದು ಕೇಳಿದಾಗ ಅವರು, “ಬೆಳ್ದಿಂಗ್ಳಲ್ಲಿ ಬಲೆ ಮೀನಿಗೆ ಕಾಣುತ್ತೆ ಸ್ವಾಮಿ, ಕತ್ಲೆ ದಿನ ಬನ್ನಿ, ಆಗ ನೋಡಿ” ಎಂದರು. ಚಂದ್ರನ ಸೆಳೆತದ ಮಾತೇ ಅಲ್ಲಿ ಬರಲಿಲ್ಲ, ಬೆಳಕಿನ ಮಾತು ಬಂತು. ಸಣ್ಣ ಜಲಾಶಯಗಳಲ್ಲಿ ಮತ್ತು ಕೆರೆಗಳಲ್ಲಿ ಕಣ್ಣಿಗೆ ಕಾಣುವಂಥ ಉಬ್ಬರವಿಳಿತ ಇರುವುದಿಲ್ಲವಾದ್ದರಿಂದ, ಚಂದ್ರ ಭೂಮಿಗೆ ಹತ್ತಿರ ಬಂದ ದಿನಕ್ಕೆ ಆ್ಯಪ್ ಒಂದು ಮೀನಿನ ಚಿಹ್ನೆ ಹೆಚ್ಚಿಗೆ ಕೊಡುವುದಕ್ಕಿಂತ ಈ ಬೆಳಕಿನ ವಿವರಣೆಯೇ ನನಗೆ ಹೆಚ್ಚು ಸಮಂಜಸವಾಗಿ ಕಾಣುತ್ತದೆ.

ಆ್ಯಪ್ ನಿಜವಾಗಿ ಎಡವುವುದು ವಾಯುಭಾರದಲ್ಲಿ. ವಾಯುಭಾರ ಇಳಿಯತೊಡಗಿದರೆ ಮಳೆ ಗಾಳಿ ಬರಲಿದೆ, ಅದಕ್ಕೆ ಮುಂಚೆ ಮೀನು ಚೆನ್ನಾಗಿ ಮೇಯುತ್ತದೆ ಎಂಬುದು ಅದರೊಳಗಿನ ಸೂತ್ರ. ಸಮಶೀತೋಷ್ಣ ದೇಶಗಳಲ್ಲಿ ಈ ಸೂತ್ರಕ್ಕೆ ಅರ್ಥವಿದೆ. ನಮ್ಮಂಥ ಉಷ್ಣವಲಯದಲ್ಲಿ ವಾಯುಭಾರವು ಪ್ರತಿದಿನವೂ ಬೆಳಿಗ್ಗೆ ಹತ್ತರ ಸುಮಾರಿಗೆ ಏರಿ, ಸಂಜೆ ನಾಲ್ಕರ ಸುಮಾರಿಗೆ ಮೂರು ನಾಲ್ಕು ಹೆಕ್ಟೊಪಾಸ್ಕಲ್‌ನಷ್ಟು (ಇದು ವಾಯುಭಾರ ಅಳೆಯುವ ಮಾನ) ಇಳಿದು, ರಾತ್ರಿ ಹತ್ತಕ್ಕೆ ಮತ್ತೆ ಏರುತ್ತದೆ. ಆಕಾಶದಲ್ಲಿ ಒಂದು ತುಣುಕು ಮೋಡವಿಲ್ಲದ ದಿನವೂ ಇದು ತಪ್ಪುವುದಿಲ್ಲ. ಪರಿಣಾಮವಾಗಿ ಆ್ಯಪ್ ಪ್ರತಿ ಮಧ್ಯಾಹ್ನವೂ ‘ವಾಯುಭಾರ ಇಳಿಯುತ್ತಿದೆ, ಒಳ್ಳೆಯ ಹೊತ್ತು’ ಎಂದು ಸೂಚನೆ ಕಳಿಸುತ್ತದೆ. ಒಂದು ಏಪ್ರಿಲ್‌ನಲ್ಲಿ ಈ ಸೂಚನೆಯನ್ನು ನಂಬಿ ಐದು ಮಧ್ಯಾಹ್ನ ಬಿಸಿಲಿನಲ್ಲಿ ಕುಳಿತೆ. ಜಿಲೇಬಿ ಮರಿಗಳು ಎರೆಯನ್ನು ಕೆದಕಿದವೇ ಹೊರತು ಬೆಂಡು ಒಮ್ಮೆಯೂ ಮುಳುಗಲಿಲ್ಲ. ಇದಕ್ಕೊಂದು ಸರಳ ಲೆಕ್ಕವೂ ಇದೆ. ಒಂದು ಸೆಂಟಿಮೀಟರ್ ಆಳದ ನೀರು ಹೇರುವ ಒತ್ತಡ ಸರಿಸುಮಾರು ಒಂದು ಹೆಕ್ಟೊಪಾಸ್ಕಲ್. ಮೀನು ನಾಲ್ಕು ಬೆರಳಿನಷ್ಟು ಮೇಲಕ್ಕೋ ಕೆಳಕ್ಕೋ ಸರಿದರೆ ಇಡೀ ದಿನದ ವಾಯುಭಾರದ ಏರಿಳಿತಕ್ಕಿಂತ ಹೆಚ್ಚಿನ ವ್ಯತ್ಯಾಸವನ್ನು ಅದು ಅನುಭವಿಸಿರುತ್ತದೆ. ಮಳೆಗೆ ಮುಂಚಿನ ಹೊತ್ತು ಮೀನು ಸಿಗುವುದು ನಿಜ, ಅದನ್ನು ನಾನೂ ಕಂಡಿದ್ದೇನೆ. ಅದಕ್ಕೆ ಮೋಡದ ನೆರಳು, ಗಾಳಿಯಿಂದ ಏಳುವ ಕಿರುಅಲೆ ಮತ್ತು ದಡದ ಹುಳುಹುಪ್ಪಟೆ ನೀರಿಗೆ ಬೀಳುವುದೇ ಸಾಕಾದಷ್ಟು ಕಾರಣವೆಂದು ನನ್ನ ಭಾವನೆ. ಈಗ ವಾಯುಭಾರದ ಸೂಚನೆಯನ್ನು ಶಾಶ್ವತವಾಗಿ ನಿಲ್ಲಿಸಿದ್ದೇನೆ.

ಋತುವಿನ ವಿಷಯದಲ್ಲಿ ಆ್ಯಪ್‌ಗೆ ಗೊತ್ತಿರುವುದು ವಸಂತ, ಬೇಸಿಗೆ, ಶರತ್, ಚಳಿಗಾಲ ಎಂಬ ನಾಲ್ಕು ಮಾತ್ರ. ಹಿನ್ನೀರಿಗೆ ನಿಜವಾದ ಕ್ಯಾಲೆಂಡರ್ ಜಲಾಶಯದ ಮಟ್ಟ. ಹೇಮಾವತಿಯ ಗರಿಷ್ಠ ಮಟ್ಟ 2922 ಅಡಿ. ಪತ್ರಿಕೆಗಳಲ್ಲಿ ಬರುವ ಇಂದಿನ ಮಟ್ಟ, ಒಳಹರಿವು, ಹೊರಹರಿವು ಎಂಬ ಮೂರು ಅಂಕಿಗಳು ನನಗೆ ನಾಲ್ಕು ಮೀನಿನ ಚಿಹ್ನೆಗಳಿಗಿಂತ ಹೆಚ್ಚು ಹೇಳುತ್ತವೆ. ಶೆಟ್ಟಿಹಳ್ಳಿಯ ಹಳೆಯ ಇಗರ್ಜಿಯಂತೂ ದಡದಲ್ಲಿ ನೆಟ್ಟ ಅಳತೆಗೋಲಿನಂತಿದೆ. ಬೇಸಿಗೆಯಲ್ಲಿ ಅದರ ಒಳಗೆ ನಡೆದು ಹೋಗಬಹುದು, ಮಳೆಗಾಲದಲ್ಲಿ ಜಲಾಶಯ ತುಂಬಿದಾಗ ಕಮಾನುಗಳು ಅರ್ಧ ಮುಳುಗಿ ನಿಲ್ಲುತ್ತವೆ. ಏರುತ್ತಿರುವ ನೀರು ಹಿಂದಿನ ದಿನ ಒಣಗಿದ್ದ ಹುಲ್ಲುಗಾವಲನ್ನು ಒಂದೊಂದೇ ಗೇಣು ಮುಳುಗಿಸುವಾಗ ಗೆಂಡೆ ಮೊಣಕಾಲುದ್ದದ ನೀರಿಗೂ ಬಂದು ಮೇಯುತ್ತದೆ. ಹುಲ್ಲಿನ ತುದಿಗಳು ಗಾಳಿಯಿಲ್ಲದೆ ಅಲುಗುವುದನ್ನು ದಡದಿಂದಲೇ ನೋಡಬಹುದು. ಅದೇ ನೀರು ನಾಲೆಗೆ ಬಿಟ್ಟು ಇಳಿಯತೊಡಗಿದ ದಿನ, ಆ್ಯಪ್ ಎಷ್ಟೇ ಮೀನು ತೋರಿಸಲಿ, ದಡ ಖಾಲಿ. ಮೀನು ಆಳಕ್ಕೆ ಸರಿದಿರುತ್ತದೆ.

ಕೆರೆಗಳಲ್ಲಿ ಬೇಸಿಗೆಯ ಮುಂಜಾವಿನ ಬಗ್ಗೆಯೂ ಒಂದು ಮಾತು ಹೇಳಲೇಬೇಕು, ಏಕೆಂದರೆ ಇಂಥ ಎಲ್ಲ ಆ್ಯಪ್‌ಗಳೂ ಮುಂಜಾವನ್ನು ಕಣ್ಣು ಮುಚ್ಚಿ ಹೊಗಳುತ್ತವೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ: ಸಮುದ್ರಮಟ್ಟದಲ್ಲಿ 20 ಡಿಗ್ರಿಯ ಸಿಹಿನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿದಿಟ್ಟುಕೊಂಡರೆ 30 ಡಿಗ್ರಿಯ ನೀರು ಸುಮಾರು ಏಳೂವರೆ ಮಿಲಿಗ್ರಾಂ ಹಿಡಿಯುತ್ತದೆ, ಹಾಸನದ ಎತ್ತರದಲ್ಲಿ ಅದಕ್ಕಿಂತಲೂ ಕಡಿಮೆ. ಪಾಚಿಯಿಂದ ಹಸಿರಾದ ಕೆರೆಯಲ್ಲಿ ಪಾಚಿಯೂ ರಾತ್ರಿಯಿಡೀ ಆಮ್ಲಜನಕವನ್ನು ಬಳಸಿಕೊಳ್ಳುವುದರಿಂದ, ಬೆಳಕು ಹರಿಯುವ ಹೊತ್ತಿಗೆ ಅದು ದಿನದ ಅತ್ಯಂತ ಕೆಳಮಟ್ಟದಲ್ಲಿರುತ್ತದೆ. ಏಪ್ರಿಲ್–ಮೇ ತಿಂಗಳ ಮೋಡ ಕವಿದ, ಗಾಳಿಯಿಲ್ಲದ ಬೆಳಗಿನಲ್ಲಿ ಕಾಟ್ಲಾಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚುವುದನ್ನು ಕಂಡು ‘ಮೀನು ಆಡುತ್ತಿದೆ’ ಎಂದು ಗಾಳ ಬೀಸುವವರಿದ್ದಾರೆ. ಅವು ಉಸಿರಿಗಾಗಿ ಒದ್ದಾಡುತ್ತಿರುತ್ತವೆ, ಎರೆಯನ್ನು ಮೂಸುವುದೂ ಇಲ್ಲ. ಅಂಥ ಬೆಳಗಿನಲ್ಲಿ ಗಾಳ ಹಾಕುವುದನ್ನು ಬಿಟ್ಟು ಕೆರೆಯ ಗುತ್ತಿಗೆದಾರರಿಗೆ ಸುದ್ದಿ ಮುಟ್ಟಿಸುವುದು ಒಳ್ಳೆಯದು. ಚಳಿಗಾಲದ ಲೆಕ್ಕ ಇದಕ್ಕಿಂತ ಸುಲಭ. ಪುಷ್ಯ, ಮಾಘ ಮಾಸಗಳಲ್ಲಿ ಹತ್ತು ಗಂಟೆಗೆ ಮುಂಚೆ ಹೋಗುವ ಅಗತ್ಯವೇ ಇಲ್ಲ. ಬಿಸಿಲು ಏರಿ ದಡದ ನೀರು ಬೆಚ್ಚಗಾದ ಮೇಲೆ ರಾಗಿಹಿಟ್ಟು ಮತ್ತು ಕಡಲೆಕಾಯಿ ಹಿಂಡಿಯ ಉಂಡೆಗೆ ರೋಹು ಬರುತ್ತದೆ.

ಹವಾಮಾನದಲ್ಲಿ ಆ್ಯಪ್ ಹೇಳದೆ ಬಿಡುವ, ಪ್ರಾಣಕ್ಕೆ ಸಂಬಂಧಿಸಿದ ಸಂಗತಿಯೊಂದಿದೆ. ಮುಂಗಾರಿಗೆ ಮುಂಚಿನ ಗುಡುಗು ಮಳೆಯ ಸಂಜೆಗಳಿಗೆ ಅದು ಹೆಚ್ಚಿನ ಅಂಕ ಕೊಡುತ್ತದೆ, ಸಿಡಿಲಿನ ಎಚ್ಚರಿಕೆ ಕೊಡುವುದಿಲ್ಲ. ಇಂದಿನ ಗಾಳದ ಕಡ್ಡಿಗಳಲ್ಲಿ ಹೆಚ್ಚಿನವು ಕಾರ್ಬನ್ ಫೈಬರ್‌ನವು, ಅದು ವಿದ್ಯುತ್ತನ್ನು ಹರಿಯಗೊಡುವ ವಸ್ತು. ಮರವಿಲ್ಲದ ಏರಿಯ ಮೇಲೆ ಅಂಥ ಕಡ್ಡಿಯನ್ನು ಎತ್ತಿ ಹಿಡಿದು ನಿಂತವರು ಸಿಡಿಲನ್ನು ಕರೆದಂತೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿರುವ ‘ದಾಮಿನಿ’ ಆ್ಯಪ್ ಉಚಿತವಾಗಿ ಸಿಗುತ್ತದೆ, ಸುತ್ತಮುತ್ತ ಸಿಡಿಲು ಬೀಳುತ್ತಿದ್ದರೆ ತಿಳಿಸುತ್ತದೆ. ಭರಣಿ, ಕೃತ್ತಿಕಾ ಮಳೆಗಳ ದಿನಗಳಲ್ಲಿ ಅದನ್ನು ನೋಡದೆ ನಾನು ಮನೆಯಿಂದ ಹೊರಡುವುದಿಲ್ಲ.

ಉಳಿದ ವಿಷಯಗಳು ಚಿಕ್ಕವು. ಮೊದಲ ಎರಡು ವರ್ಷ ನೆಟ್‌ವರ್ಕ್ ಇಲ್ಲದಿದ್ದರೆ ಆ್ಯಪ್ ತೆರೆಯುತ್ತಲೇ ಇರಲಿಲ್ಲ, ಈಗ ಒಂದು ತಿಂಗಳ ಕೋಷ್ಟಕವನ್ನು ಫೋನ್‌ನಲ್ಲೇ ಉಳಿಸಿಕೊಳ್ಳಬಹುದು. ಕನ್ನಡ ಇಲ್ಲ. ಮೀನುಗಳ ಪಟ್ಟಿಯಲ್ಲಿ ಟ್ರೌಟ್, ಬಾಸ್ ಇವೆ, ಕಾಟ್ಲಾ ಇಲ್ಲ. ಚಂದಾ ಹಣ ಎರಡು ಸಲ ಏರಿದೆ. ಹಿಡಿದ ಮೀನಿನ ದಾಖಲೆ ಇಡುವ ಭಾಗ ಚೆನ್ನಾಗಿದ್ದರೂ ನೀರಿನ ಮಟ್ಟ ಬರೆಯಲು ಅದರಲ್ಲಿ ಜಾಗವಿಲ್ಲದ್ದರಿಂದ ನಾನು ಕಾಗದವನ್ನು ಬಿಟ್ಟಿಲ್ಲ.

ನನಗೆ ಅತ್ಯಂತ ಬೇಸರ ತಂದಿರುವುದು ಜೂನ್ ತಿಂಗಳ ಸೂಚನೆಗಳು. ಮೃಗಶಿರ ಮಳೆ ಹಿಡಿದು ಹಳ್ಳಗಳಲ್ಲಿ ಕೆಂಪು ಹೊಸ ನೀರು ಇಳಿದಾಗ ಮೀನು ಮೊಟ್ಟೆಯಿಡಲು ಹರಿವಿಗೆ ಎದುರಾಗಿ ಮೇಲೆ ಹತ್ತುತ್ತದೆ. ಮಲೆನಾಡಿನ ಕಡೆ ಇದಕ್ಕೆ ‘ಹತ್ತುಮೀನು’ ಎಂದೇ ಹೆಸರಿದೆ. ಎರಡು ವರ್ಷದ ಹಿಂದೆ ಅಂಥದೇ ಒಂದು ದಿನಕ್ಕೆ, ಹಳ್ಳ ಹಿನ್ನೀರಿಗೆ ಸೇರುವ ಜಾಗಕ್ಕೇ, ಆ್ಯಪ್ ನಾಲ್ಕು ಮೀನು ಕೊಟ್ಟಿತ್ತು. ನಾನು ಹೋದಾಗ ಮೋರಿಯ ಬಾಯಿಗೆ ಆಗಲೇ ಬೀಸುಬಲೆಗಳು ಬಿದ್ದಿದ್ದವು. ದಡಕ್ಕೆ ಎಳೆದು ಹಾಕಿದ ಬೆಳ್ಳಿಬಣ್ಣದ ಮೀನೊಂದನ್ನು ಕೈಗೆತ್ತಿಕೊಂಡೆ. ಹೊಟ್ಟೆ ಬಿಗಿದು ಉಬ್ಬಿತ್ತು, ಹೆಬ್ಬೆರಳು ತಗುಲಿದ್ದಷ್ಟಕ್ಕೇ ಗಸಗಸೆಯಂಥ ಮೊಟ್ಟೆಗಳು ಅಂಗೈಗೆ ಸುರಿದವು. ಅದನ್ನು ನೀರಿಗೆ ಬಿಟ್ಟೆನಾದರೂ ಅದು ಉಳಿಯುವಂತೆ ಕಾಣಲಿಲ್ಲ. ಗಾಳ ಬಿಚ್ಚದೆ ಹಿಂತಿರುಗಿದೆ.

ಅಂದಿನಿಂದ ಮೃಗಶಿರ ಹುಟ್ಟುವ ಜೂನ್ 8ರ ಸುಮಾರಿನಿಂದ ಪುಷ್ಯ ಮಳೆ ಮುಗಿಯುವ ಆಗಸ್ಟ್ ಮೊದಲ ವಾರದವರೆಗೆ ಆ್ಯಪ್‌ನ ಎಲ್ಲ ಸೂಚನೆಗಳನ್ನೂ ನಿಲ್ಲಿಸಿರುತ್ತೇನೆ. ಮೊಟ್ಟೆಯಿಡುವ ಕಾಲವನ್ನು ಬಳಕೆದಾರರೇ ಗುರುತಿಸಿ, ಆ ದಿನಗಳಿಗೆ ಅಂಕವನ್ನೇ ಕೊಡದಂತೆ ಮಾಡುವ ಸೌಲಭ್ಯ ಬೇಕೆಂದು ತಯಾರಕರಿಗೆ ಮೂರು ಸಲ ಬರೆದಿದ್ದೇನೆ. ಮೊದಲ ಎರಡು ಪತ್ರಗಳಿಗೆ ಸಿದ್ಧ ಉತ್ತರ ಬಂತು. ಮೂರನೆಯದಕ್ಕೆ, ಯಾವ ಮೀನಿಗೆ ಯಾವ ತಿಂಗಳು ಎಂಬ ಪಟ್ಟಿ ಕಳಿಸಿಕೊಡಿ ಎಂದು ಕೇಳಿದ್ದಾರೆ. ಐದು ವರ್ಷದ ನೋಟ್‌ಬುಕ್ ಎದುರಿಗಿಟ್ಟುಕೊಂಡು ಈ ವಾರ ಆ ಪಟ್ಟಿಯನ್ನು ಬರೆಯುತ್ತಿದ್ದೇನೆ. ಮುಂದಿನ ಚಂದಾ ಕಟ್ಟುವುದೋ ಬೇಡವೋ ಎಂಬುದನ್ನು ಮೃಗಶಿರ ಹುಟ್ಟುವ ಹೊತ್ತಿಗೆ ಅವರು ಆ ಪಟ್ಟಿಯನ್ನು ಏನು ಮಾಡಿದ್ದಾರೆಂದು ನೋಡಿ ತೀರ್ಮಾನಿಸುತ್ತೇನೆ.