‘ಎಸ್’ ಸ್ಟಿಕ್ಕರ್ ನೋಡಿ ದುಡ್ಡು ಕೊಡಬೇಡಿ

ಸೆಕೆಂಡ್ ಹ್ಯಾಂಡ್ ಡುಕಾಟಿ ಪನಿಗಾಲೆ ವಿ4 ಬೈಕ್ ಹುಡುಕುತ್ತಿರುವವರು ದಯವಿಟ್ಟು ಇದನ್ನು ಓದಿ. ಬೆಂಗಳೂರಿನ ಒಬ್ಬ ಡೀಲರ್ ನನಗೆ ಅದರ ದುಬಾರಿ ಮಾದರಿ ‘ವಿ4 ಎಸ್’ ಎಂದು ಹೇಳಿ ಮಾಮೂಲಿ ವಿ4 ಮಾರಿದ. ರೇಟು ಮಾತ್ರ ಎಸ್‌ದೇ ತೆಗೆದುಕೊಂಡ.

ಅದು ಹೇಗೆ ಅಂತೀರಾ? ಎರಡಕ್ಕೂ ಎಂಜಿನ್ ಒಂದೇ. 2018ರ ಮಾಡೆಲ್ ತೆಗೆದುಕೊಂಡರೆ ಅದೇ 1103 ಸಿಸಿ, ಅದೇ 214 ಎಚ್‌ಪಿ. ಸದ್ದಿನಲ್ಲೂ ವ್ಯತ್ಯಾಸವಿಲ್ಲ, ಒಂದು ರೌಂಡ್ ಹೊಡೆದರೂ ಗೊತ್ತಾಗುವುದಿಲ್ಲ. ಜಾಸ್ತಿ ಕೊಡುವ ಲಕ್ಷಗಟ್ಟಲೆ ದುಡ್ಡು ಹೋಗುವುದು ಮುಖ್ಯವಾಗಿ ಗುಂಡಿಗಳ ಏಟು ತಡೆಯುವ ಸಸ್ಪೆನ್ಷನ್‌ಗೆ, ಚಕ್ರಕ್ಕೆ. ಮಾಮೂಲಿ ವಿ4ಗೆ ಮುಂದೆ ಶೋವಾ ಕಂಪನಿಯ ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ ಜೋಡಿ ಕೊಳವೆ), ಹಿಂದೆ ಸ್ಯಾಕ್ಸ್ ಕಂಪನಿಯ ಶಾಕ್ ಅಬ್ಸಾರ್ಬರ್. ಕೈಯಲ್ಲೇ ತಿರುಗಿಸಿ ಸೆಟ್ ಮಾಡಬೇಕು. ಎಸ್‌ಗೆ ಓಲಿನ್ಸ್ ಕಂಪನಿಯ ಎಲೆಕ್ಟ್ರಾನಿಕ್ ಸಸ್ಪೆನ್ಷನ್, ಮಾರ್ಕೆಸಿನಿ ಫೋರ್ಜ್ಡ್ ವೀಲ್, ಲಿಥಿಯಂ ಬ್ಯಾಟರಿ.

ನನಗೆ ಕೊಟ್ಟ ಬೈಕಿನಲ್ಲೂ ಚಿನ್ನದ ಬಣ್ಣದ ಓಲಿನ್ಸ್ ಫೋರ್ಕ್ ಫಳಫಳ ಹೊಳೆಯುತ್ತಿತ್ತು. ಅದು ಹೊರಗಿಂದ ತಂದು ಹಾಕಿದ್ದು! ಆರ್‌ಸಿಯಲ್ಲಿ ಬರೀ ‘ಪನಿಗಾಲೆ ವಿ4’ ಎಂದಿದೆಯಲ್ಲ ಎಂದು ಕೇಳಿದರೆ, ‘ಎಲ್ಲಾ ಗಾಡಿಗೂ ಹಾಗೇ ಬರುತ್ತೆ ಸರ್’ ಅಂದ ಡೀಲರ್. ಸರ್ವಿಸ್‌ಗೆ ಬಿಟ್ಟಾಗ ಮೆಕ್ಯಾನಿಕ್ ಫೋರ್ಕಿನ ತಲೆ ಮೇಲೆ ಬೆರಳಿಟ್ಟು ತೋರಿಸಿದ. ‘ಎಸ್ ಆಗಿದ್ರೆ ಇಲ್ಲಿಗೆ ವೈರ್ ಬಂದಿರಬೇಕು ಸರ್.’ ವೈರ್ ಇರಲಿಲ್ಲ. ಡ್ಯಾಶ್ ಮೆನುವಿನಲ್ಲಿ ಸಸ್ಪೆನ್ಷನ್ ಸೆಟ್ಟಿಂಗೂ ಇರಲಿಲ್ಲ.

ಡೀಲರ್‌ಗೆ ಫೋನ್ ಮಾಡಿದರೆ, ‘ಅದೇನು ಮಹಾ, ಆಮೇಲೆ ಹಾಕಿಸ್ಕೊಳ್ಳಿ’ ಅನ್ನುತ್ತಾನೆ. ಆಗುವ ಮಾತೇ ಅದು? ಫೋರ್ಕ್, ಶಾಕ್, ಸ್ಟೀರಿಂಗ್ ಡ್ಯಾಂಪರ್, ಕಂಟ್ರೋಲ್ ಯೂನಿಟ್, ವೈರಿಂಗ್, ಸಾಫ್ಟ್‌ವೇರ್ ಎಲ್ಲವೂ ಬದಲಾಗಬೇಕು. ಅಷ್ಟು ಸುರಿಯುವವರು ಮೊದಲೇ ಎಸ್ ಕೊಳ್ಳುತ್ತಾರೆ, ಅಲ್ವಾ?

ಮಾಮೂಲಿ ವಿ4 ಕೆಟ್ಟ ಬೈಕ್ ಅಂತಲ್ಲ. ಭಾನುವಾರ ಬೆಳಗ್ಗೆ ನಂದಿ ಬೆಟ್ಟದ ಕಡೆ ಹೋಗಿಬರುವವರಿಗೆ ಅದು ಧಾರಾಳವಾಗಿ ಸಾಕು. ಆದರೆ ಅದರ ಬೆಲೆಗೆ ಸಿಗಬೇಕು. ಅದಕ್ಕೇ ನನಗೆ ಹೊಟ್ಟೆ ಉರಿಯುವುದು.

ಫೋರ್ಕಿನ ಬಣ್ಣ, ಸ್ಟಿಕ್ಕರ್ ಎರಡನ್ನೂ ಪಕ್ಕಕ್ಕಿಡಿ. ಕೀ ಆನ್ ಮಾಡಿಸಿ ಮೆನು ನೋಡಿ. ಹಳೆಯ ಇನ್ಶೂರೆನ್ಸ್ ಪಾಲಿಸಿ ಕೇಳಿ, ಅದರಲ್ಲಿ ವೇರಿಯಂಟ್ ಏನಿದೆ ನೋಡಿ. ಮುಖ್ಯವಾಗಿ, ಚಾಸಿಸ್ ನಂಬರ್ ಹಿಡಿದು ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ ವಿಚಾರಿಸಿ. ಆ ನಂಬರ್ ಕೊಡಲು ಹಿಂದೆಮುಂದೆ ನೋಡಿದರೆ, ಅಡ್ವಾನ್ಸ್ ಕೊಡದೆ ಎದ್ದು ಬನ್ನಿ.