ಸೈನ್ ಹಾಕುವ ಮೊದಲು ವಕೀಲರ ಹತ್ತಿರ ಒಂದು ಗಂಟೆ

ಅಪ್ಪ ತೀರಿಕೊಂಡ ಮೂರು ತಿಂಗಳಿಗೆ ನನ್ನ ತಮ್ಮ ಒಂದು ಹಕ್ಕು ಬಿಡುಗಡೆ ಪತ್ರ ತಂದ, ಅಂದರೆ ಆಸ್ತಿಯಲ್ಲಿ ನನ್ನ ಪಾಲು ಬಿಟ್ಟುಕೊಡ್ತೀನಿ ಅನ್ನೋ ಪತ್ರ. "ಅಕ್ಕಾ, ಸುಮ್ನೆ ಒಂದು ಸೈನ್ ಅಷ್ಟೇ" ಅಂದ. ಅದನ್ನು ಹಿಡಿದುಕೊಂಡು ಆಸ್ತಿ ವ್ಯವಹಾರ ನೋಡುವ ಒಬ್ಬ ವಕೀಲರ ಹತ್ತಿರ ಹೋದೆ.

ಮೊದಲು ದೂರು ಹೇಳಿಬಿಡ್ತೀನಿ. ಮುಕ್ಕಾಲು ಗಂಟೆ ಕಾಯಿಸಿದರು. ಮಧ್ಯೆ ನಾಲ್ಕು ಸಲ ಫೋನ್ ಬೇರೆ.

ಆದರೆ ಮಾತು ಶುರು ಮಾಡಿದ ಮೇಲೆ ಚೆನ್ನಾಗಿ ಬಿಡಿಸಿ ಹೇಳಿದರು. ಅಜ್ಜನಿಂದ ಬಂದ ಜಮೀನು ಬೇರೆ, ಅಪ್ಪ ದುಡಿದು ಕಟ್ಟಿದ ಮನೆ ಬೇರೆ. ಪಿತ್ರಾರ್ಜಿತದಲ್ಲಿ ಹಿಂದೂ ಹೆಣ್ಣುಮಕ್ಕಳಿಗೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಹುಟ್ಟಿನಿಂದಲೇ ಸಮಪಾಲು. ಆ ತಿದ್ದುಪಡಿ ಬಂದಾಗ ತಂದೆ ಬದುಕಿರಲೇಬೇಕು ಅಂತಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆಯಂತೆ. ನನ್ನ ಮದುವೆ ಖರ್ಚಿಗೂ ಪಾಲಿಗೂ ಸಂಬಂಧವೇ ಇಲ್ಲ! ಮನೆಯನ್ನು ಅಪ್ಪ ಯಾರಿಗೆ ಬೇಕಾದರೂ ಉಯಿಲು ಬರೆಯಬಹುದಿತ್ತು. ಬರೆದಿಲ್ಲ. ಹಾಗಾಗಿ ಅಮ್ಮ, ನಾನು, ತಮ್ಮ, ಮೂವರಿಗೂ ಸಮ.

ನನಗೆ ಗೊತ್ತೇ ಇರದಿದ್ದದ್ದು ನಾಮಿನಿ ವಿಷಯ. ಅಪ್ಪನ ಬ್ಯಾಂಕ್ ಖಾತೆಗೆ ನಾಮಿನಿಯಾಗಿ ತಮ್ಮನ ಹೆಸರಿದೆ, ದುಡ್ಡೆಲ್ಲ ಅವನದೇ ಅಂದುಕೊಂಡಿದ್ದೆ. ನಾಮಿನಿ ಹಣ ಪಡೆದುಕೊಳ್ಳುವವನು ಮಾತ್ರ, ವಾರಸುದಾರರಿಗೆ ಅದರಲ್ಲಿ ಪಾಲಿದ್ದೇ ಇದೆ.

"ಬಿಟ್ಟುಕೊಡಬೇಡಿ ಅಂತ ಹೇಳ್ತಿಲ್ಲಮ್ಮ, ಏನು ಬಿಡ್ತಿದ್ದೀರಿ ಅಂತ ತಿಳಿದು ಬಿಡಿ" ಅಂದರು. ಜಗಳ ಹಚ್ಚಿ ಕೇಸು ಮಾಡಿಸುವವರೇ ಜಾಸ್ತಿ ಅಲ್ವಾ? ಇವರು ವಿಭಾಗ ಪತ್ರದ, ಅಂದರೆ ಆಸ್ತಿ ಪಾಲು ಮಾಡಿಕೊಳ್ಳುವ ಪತ್ರದ, ಕರಡು ಬರೆದುಕೊಟ್ಟರು.

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಡಿಮೆ ಮಾಡಿದ್ದು ಆ ಫೋನಿಗೆ. ತಮ್ಮ ಇನ್ನೂ ಕರಡು ಓದುತ್ತಿದ್ದಾನೆ.