ಸಬ್‌ವೂಫರ್ ಕೆಟ್ಟೇ ಇರಲಿಲ್ಲ, ₹6,850 ಹೋಯಿತು: ಕಾರವಾರ, ಅಂಕೋಲೆ ಕಡೆಯವರು ದಯವಿಟ್ಟು ಓದಿ

ಇದನ್ನು ಬರೆಯುವುದು ಬೇಡ, ನಾಲ್ಕು ಜನರಿಗೆ ಗೊತ್ತಾದರೆ ನಮಗೇ ಅವಮಾನ ಎಂದು ಮನೆಯಲ್ಲಿ ಹೇಳಿದರು. ಎರಡು ದಿನ ಸುಮ್ಮನಿದ್ದೆ. ಆದರೆ ಮೋಸ ಮಾಡಿದವನು ಅಂಗಡಿಯ ಬಾಗಿಲು ತೆರೆದು ನೆಮ್ಮದಿಯಾಗಿ ಕೂತಿದ್ದಾನೆ, ಮೋಸ ಹೋದವನು ಮನೆಯೊಳಗೆ ಬಾಯಿ ಮುಚ್ಚಿಕೊಂಡು ಕೂರಬೇಕೆ? ಬರೆಯುತ್ತೇನೆ. ಅಂಗಡಿಯ ಹೆಸರು ಹಾಕುವುದಿಲ್ಲ, ದೂರು ಕೊಟ್ಟಿದ್ದೇನೆ, ಅದು ಮುಗಿಯಲಿ. ಕಾರವಾರದ ಪೇಟೆಯ ಅಂಗಡಿ ಎಂದಷ್ಟೇ ಹೇಳುತ್ತೇನೆ.

ನಾನು ಪ್ರೌಢಶಾಲೆಯಲ್ಲಿ 31 ವರ್ಷ ವಿಜ್ಞಾನ ಕಲಿಸಿದವನು. ಈಗ ನಿವೃತ್ತ. ಮನೆ ಅಂಕೋಲೆಯ ಹತ್ತಿರ, ಕಡಲು ಕೂಗಳತೆಯಲ್ಲಿದೆ. ಮಳೆಗಾಲದಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ಇರುವುದಿಲ್ಲ, ಆಗ ನನಗೆ ಧ್ವನಿಮುದ್ರಿಕೆಗಳೇ ಗತಿ. ಅದಕ್ಕೆಂದೇ ಮಗಳು ಒಂದು ಆಂಪ್ಲಿಫೈಯರ್, ಎರಡು ಸ್ಪೀಕರ್ ಮತ್ತು ಹತ್ತು ಇಂಚಿನ ಸಬ್‌ವೂಫರ್, ಅಂದರೆ ತಗ್ಗು ದನಿಗೆಂದೇ ಇರುವ ಸ್ಪೀಕರಿನ ಡಬ್ಬ, ಕೊಡಿಸಿದ್ದಳು. ಭಾಗವತರ ಪದ ಸಣ್ಣ ಸ್ಪೀಕರಿನಲ್ಲೂ ಚೆನ್ನಾಗಿಯೇ ಕೇಳುತ್ತದೆ. ಆದರೆ ಮದ್ದಳೆಯ ಆ ತುಂಬು ನಾದ, ಎದೆಗೆ ಬಂದು ತಾಗುವಂಥದ್ದು, ಸಬ್‌ವೂಫರ್ ಇಲ್ಲದೆ ಬರುವುದಿಲ್ಲ.

ಜುಲೈ ಕೊನೆಯಲ್ಲಿ ಒಂದು ಸಂಜೆ ಮಳೆ ಜೋರಾಗಿ ಬಂತು, ಕರೆಂಟ್ ಮೂರು ನಾಲ್ಕು ಸಲ ಹೋಗಿ ಬಂತು. ಮರುದಿನ ಹಾಕಿದರೆ ಸಬ್‌ವೂಫರಿನಿಂದ ಸದ್ದೇ ಇಲ್ಲ. ಉಳಿದ ಸ್ಪೀಕರುಗಳು ಸರಿ ಇದ್ದವು. ಸಬ್‌ವೂಫರಿನ ಹಿಂದಿನ ದೀಪ ಕೆಂಪಗೆ ಉರಿಯುತ್ತಿತ್ತು. ಎಂದಿನಂತೆ ಹಾಡು ಶುರುವಾದ ಕೂಡಲೇ ಹಸಿರಾಗಬೇಕಿತ್ತು, ಆಗಲಿಲ್ಲ. ಆ ದೀಪ ನನಗೆ ವಿಷಯ ಹೇಳುತ್ತಲೇ ಇತ್ತು, ನಾನು ಓದಲಿಲ್ಲ. ಸ್ವಿಚ್ 'ಆಟೋ'ದಲ್ಲಿದ್ದಾಗ ಆಂಪ್ಲಿಫೈಯರಿನಿಂದ ಸಂಕೇತ ಬಂದರೆ ಮಾತ್ರ ಅದು ಹಸಿರಾಗುತ್ತದೆ. ಬರದಿದ್ದರೆ ಕೆಂಪಗೆ ಮಲಗಿಯೇ ಇರುತ್ತದೆ. ಅಂದರೆ ಡಬ್ಬಕ್ಕೆ ಕರೆಂಟ್ ಬರುತ್ತಿದೆ, ಸಂಕೇತ ಬರುತ್ತಿಲ್ಲ. ಇಷ್ಟೇ. ಆದರೆ ಕರೆಂಟ್ ಹೋಗಿ ಬಂದಿತ್ತಲ್ಲ, ಒಳಗೆ ಸುಟ್ಟಿದೆ ಎಂದು ನಾನೇ ತೀರ್ಮಾನ ಮಾಡಿಬಿಟ್ಟೆ. ಆ ತೀರ್ಮಾನವನ್ನೇ ಹೊತ್ತುಕೊಂಡು ಅಂಗಡಿಗೆ ಹೋಗಿ, ಕೇಳುವ ಮೊದಲೇ ಅವನ ಬಾಯಿಗೆ ಇಟ್ಟೆ.

ಹದಿನೈದು ಕಿಲೋದ ಡಬ್ಬ. ರಸಗೊಬ್ಬರದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಬಸ್ಸಿನಲ್ಲಿ ಕಾಲ ಬಳಿ ಇಟ್ಟುಕೊಂಡು ಕಾರವಾರಕ್ಕೆ ಒಯ್ದೆ. ಡಬ್ಬ ಮಾತ್ರ ಒಯ್ದೆ. ಆಂಪ್ಲಿಫೈಯರಿನಿಂದ ಅದಕ್ಕೆ ಬರುವ ಕೇಬಲ್ ಮನೆಯಲ್ಲೇ ಗೋಡೆಯ ಬದಿಗೆ ಬಿದ್ದಿತ್ತು. ಇದನ್ನು ನೆನಪಿನಲ್ಲಿಡಿ.

ಅಂಗಡಿಯವನು ಬಹಳ ಮರ್ಯಾದೆಯಿಂದ ಮಾತನಾಡಿದ. "ಕೂತುಕೊಳ್ಳಿ ಮಾಸ್ತರೇ, ಚಹಾ ತರಿಸುತ್ತೇನೆ" ಎಂದ. ಡಬ್ಬವನ್ನು ಪರದೆಯ ಹಿಂದೆ ಒಯ್ದ. ಐದು ನಿಮಿಷಕ್ಕೆ ಹೊರಗೆ ಬಂದು, "ಕರೆಂಟ್ ಹೊಡೆದಿದೆ ಮಾಸ್ತರೇ, ಐಸಿ ಹೋಗಿದೆ. ಮೂರು ದಿನ ಬಿಡಿ" ಎಂದ. ನಾನು ಒಳಗೆ ಹೋಗಿ ನೋಡಲಿಲ್ಲ. ರಿಪೇರಿಯ ಅಂಗಡಿಗಳಲ್ಲಿ ರೂಢಿ ಏನು? ಎದುರಿಗೇ ಬಿಚ್ಚುತ್ತಾರೆ, ಸುಟ್ಟ ಭಾಗ ತೋರಿಸುತ್ತಾರೆ, ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿ ಎನ್ನುತ್ತಾರೆ. ಇಲ್ಲಿ ಅದೊಂದೂ ಆಗಲಿಲ್ಲ. ನಾನು ಚಹಾ ಕುಡಿದು ಬಸ್ ಹತ್ತಿದೆ.

ಎರಡನೆಯ ದಿನ ಫೋನ್ ಬಂತು. "ಐಸಿ ಮಾತ್ರ ಅಲ್ಲ, ಬೋರ್ಡೇ ಹಾಕಬೇಕು. ಹುಬ್ಬಳ್ಳಿಯಿಂದ ತರಿಸುತ್ತೇನೆ, ₹3,000 ಮೊದಲು ಕಳುಹಿಸಿ." ಮೊಬೈಲಿನಿಂದಲೇ ಕಳುಹಿಸಿದೆ. ಹೋದ ವಾರ ತರಲು ಹೋದಾಗ ಉಳಿದ ₹3,850 ನಗದು ಕೊಟ್ಟೆ. ಬೋರ್ಡಿಗೆ 5,200, ಕೆಲಸಕ್ಕೆ 1,200, ತಪಾಸಣೆಗೆ 450. ಬಿಲ್ ಕೇಳಿದರೆ ಹಳೆಯ ಕ್ಯಾಲೆಂಡರಿನ ಹಿಂಬದಿ ಹರಿದು ಲೆಕ್ಕ ಬರೆದುಕೊಟ್ಟ. ಅಂಗಡಿಯ ಹೆಸರಿಲ್ಲ, ತಾರೀಖಿಲ್ಲ, ಸಹಿ ಇಲ್ಲ. ತನ್ನದೊಂದು ತಂತಿಯನ್ನು ಮೊಬೈಲಿನಿಂದ ಡಬ್ಬಕ್ಕೆ ಸಿಕ್ಕಿಸಿ ಹಾಡು ಹಾಕಿದ. ಘುಂ ಎಂದಿತು. ಮೇಜಿನ ಮೇಲಿದ್ದ ಸ್ಕ್ರೂಗಳ ತಟ್ಟೆ ನಡುಗಿತು. ನನಗೆ ಸಂತೋಷವಾಯಿತು. "ಇಗೋ ನಿಮ್ಮ ಹಳೆಯ ಬೋರ್ಡ್" ಎಂದು ಪ್ಲಾಸ್ಟಿಕ್ ಚೀಲದಲ್ಲಿ ಒಂದು ಬೋರ್ಡನ್ನೂ ಕೊಟ್ಟ. ಎಷ್ಟು ಪ್ರಾಮಾಣಿಕ ಮನುಷ್ಯ ಎಂದುಕೊಂಡೆ. ಹೌದು, ಹಾಗೆಯೇ ಅಂದುಕೊಂಡೆ.

ಮನೆಗೆ ತಂದು ಜೋಡಿಸಿದೆ. ಸದ್ದಿಲ್ಲ. ಅದೇ ಕೆಂಪು ದೀಪ.

ಫೋನ್ ಮಾಡಿದೆ. "ನಮ್ಮಲ್ಲಿ ಸದ್ದು ಬಂತಲ್ಲ ಮಾಸ್ತರೇ? ನೀವೇ ಕೇಳಿದಿರಲ್ಲ?" ಎಂದ. ಕೇಳಿದ್ದು ನಿಜ. "ಹಾಗಾದರೆ ನಿಮ್ಮ ಆಂಪ್ಲಿಫೈಯರೂ ಹೋಗಿದೆ. ಅದನ್ನೂ ತನ್ನಿ, ಒಟ್ಟಿಗೇ ಮಾಡಿಕೊಡುತ್ತೇನೆ, ನಿಮಗೆಂದು ಕಡಿಮೆ ಮಾಡುತ್ತೇನೆ." ನಾನು ಅದನ್ನೂ ಚೀಲಕ್ಕೆ ತುಂಬಿದ್ದೆ! ಬೆಳಗಿನ ಬಸ್ಸಿಗೆ ಹೊರಡುವುದೆಂದು ತೀರ್ಮಾನವಾಗಿತ್ತು. ಇದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಆ ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಂದ. ಆಟ, ತಾಳಮದ್ದಳೆಗಳಿಗೆ ಮೈಕ್ ಕಟ್ಟುವ ಹುಡುಗ. ಚೀಲ ನೋಡಿ ಏನೆಂದು ಕೇಳಿದ, ಎಲ್ಲ ಹೇಳಿದೆ. "ಸರ್, ಒಂದು ನಿಮಿಷ" ಎಂದ. ಆಂಪ್ಲಿಫೈಯರನ್ನು ಹೊರತೆಗೆದ. ಸಬ್‌ವೂಫರಿನ ಸ್ವಿಚ್ಚನ್ನು ಆಟೋದಿಂದ 'ಆನ್'ಗೆ ತಳ್ಳಿ, ಧ್ವನಿಯನ್ನು ಪೂರ್ತಿ ಇಳಿಸಿ ಸ್ವಲ್ಪವೇ ಏರಿಸಿದ. ನನ್ನ ಕೇಬಲಿನ ಒಂದು ತುದಿ ಡಬ್ಬದಲ್ಲೇ ಇತ್ತು. ಆಂಪ್ಲಿಫೈಯರಿಗೆ ಹೋಗುವ ಇನ್ನೊಂದು ತುದಿಯ ಪಿನ್ನನ್ನು ಬೆರಳಿನಿಂದ ಮುಟ್ಟಿದ. ಏನೂ ಇಲ್ಲ. ಟಿವಿಯ ಹಿಂದಿದ್ದ ಇನ್ನೊಂದು ಕೇಬಲ್ ಕಿತ್ತು ಅದನ್ನು ಸಿಕ್ಕಿಸಿ ಹಾಗೆಯೇ ಮುಟ್ಟಿದ. ಗುಂಯ್ ಎಂದು ಮನೆ ತುಂಬಿತು. ನಮ್ಮ ಮೈಗೆ ಸುತ್ತಲಿನ ವಿದ್ಯುತ್ ತಂತಿಗಳಿಂದ 50 ಹರ್ಟ್ಜ್‌ನ ಗುಂಗು ಸದಾ ಅಂಟಿಕೊಂಡಿರುತ್ತದೆ, ಪಿನ್ ಮುಟ್ಟಿದರೆ ಅದೇ ಸಂಕೇತವಾಗಿ ಒಳಗೆ ಹೋಗುತ್ತದೆ. ಡಬ್ಬ ಸರಿ ಇದೆ. ಕೇಬಲ್ ಸತ್ತಿದೆ. ಟಿವಿಯ ಆ ಕೇಬಲನ್ನೇ ಆಂಪ್ಲಿಫೈಯರಿಗೆ ಜೋಡಿಸಿದ, ಮದ್ದಳೆ ಕೇಳಿತು. ಎರಡು ನಿಮಿಷವೂ ಆಗಿರಲಿಲ್ಲ.

ನನ್ನ ಕೇಬಲಿನ ತುದಿಯನ್ನು ಮೊಬೈಲಿನ ಬೆಳಕಿನಲ್ಲಿ ತೋರಿಸಿದ. ಪಿನ್ನಿನ ಬುಡದಲ್ಲಿ ಹಸಿರು ಕಿಲುಬು, ಹಳೆಯ ಹಿತ್ತಾಳೆ ಚೊಂಬಿನ ಕಂಠದಲ್ಲಿ ಕಟ್ಟುತ್ತದಲ್ಲ, ಅಂಥದ್ದು. ಕಡಲ ಗಾಳಿ, ಉಪ್ಪು, ಮಳೆಗಾಲದ ತೇವ. ತಂತಿ ತುಂಡಾಗಿಲ್ಲದಿದ್ದರೆ ಮಲ್ಟಿಮೀಟರ್ ಕೂಗುತ್ತದೆ. ಹೊರಗಿನ ಹೆಣಿಗೆಯ ತಂತಿಗೆ ಹಿಡಿದರೆ ಕೂಗಿತು, ನಡುವಿನ ತಂತಿಗೆ ಕೂಗಲಿಲ್ಲ. ಕೊಯ್ದು ನೋಡಿದರೆ ನಡುವಿನ ಎಳೆ ಬೆಸುಗೆಯ ಬಳಿಯೇ ಕೊಳೆತು ತುಂಡಾಗಿತ್ತು. ಹೊರಗಿನದು ತುಂಡಾಗಿದ್ದರೆ ಗುಂಯ್‌ಗುಟ್ಟುತ್ತಿತ್ತು, ಆಗ ನನಗೂ ಅನುಮಾನ ಬರುತ್ತಿತ್ತೋ ಏನೋ. ನಡುವಿನದು ಹೋದರೆ ಮೌನ. ಹೊಸ ಪಿನ್ ಹಾಕಿ ಬೆಸೆದ. ಪಿನ್ನಿನ ಬೆಲೆ ₹40. ಅದನ್ನೂ ತೆಗೆದುಕೊಳ್ಳಲಿಲ್ಲ.

ಆಗಲೂ ನಾನು, ಬೋರ್ಡೂ ಹೋಗಿತ್ತು, ಕೇಬಲೂ ಹೋಗಿತ್ತು ಎಂದುಕೊಂಡು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಹುಡುಗ ಡಬ್ಬವನ್ನು ತಿರುಗಿಸಿ ಹಿಂದಿನ ಲೋಹದ ಫಲಕ ನೋಡುತ್ತಿದ್ದ. ತುಂಬ ಹೊತ್ತು ಮಾತನಾಡಲಿಲ್ಲ. ಆಮೇಲೆ ಮೆಲ್ಲಗೆ, "ಸರ್, ಇದನ್ನು ಬಿಚ್ಚಿಯೇ ಇಲ್ಲ" ಎಂದ.

ಫಲಕಕ್ಕೆ ಹತ್ತು ಸ್ಕ್ರೂಗಳು. ಒಂಬತ್ತರ ತಲೆಯಲ್ಲೂ ಸೀಳು ತುಂಬುವಷ್ಟು ತುಕ್ಕು, ಸ್ಕ್ರೂ ಡ್ರೈವರ್ ತಾಗಿದ ಒಂದು ಹೊಳಪಿನ ಗೀರೂ ಇಲ್ಲ. ಹತ್ತನೆಯದರ ಮೇಲೆ ಕಂಪನಿಯ ಕಾಗದದ ವಾರಂಟಿ ಚೀಟಿ, ಅರ್ಧ ಫಲಕದ ಮೇಲೆ, ಅರ್ಧ ಮರದ ಮೇಲೆ, ಎಲ್ಲೂ ಹರಿದಿಲ್ಲ. ಅದರ ಮೇಲೆ ಮಗಳು ಕೊಂಡ ದಿನ ಮಾರಿದವರು ಪೆನ್ನಿನಿಂದ ಬರೆದ ತಾರೀಖು ಹಾಗೆಯೇ ಇದೆ. ಬೋರ್ಡ್ ಇರುವುದು ಆ ಫಲಕದ ಬೆನ್ನಿಗೆ. ಫಲಕ ಕಳಚದೆ ಬೋರ್ಡ್ ಬದಲಿಸುವುದು ಸಾಧ್ಯವಿಲ್ಲ.

ಆ ಕ್ಷಣ ಹೇಗಿತ್ತು ಎಂದು ಹೇಳಲು ನನಗೆ ಬರುವುದಿಲ್ಲ. ಕಿವಿ ಬಿಸಿಯಾಯಿತು. ನನ್ನ ಕೈಯಲ್ಲಿ ಕಲಿತ ಹುಡುಗನ ಎದುರಿಗೆ ತಲೆ ಎತ್ತಲು ಆಗಲಿಲ್ಲ. ಹತ್ತನೆಯ ತರಗತಿಗೆ ಫ್ಲೆಮಿಂಗನ ಎಡಗೈ ನಿಯಮವನ್ನು ಬೆರಳು ಬಿಡಿಸಿ ಕಲಿಸಿದ್ದು ಇದೇ ಕೈ. ಕಾಂತದ ನಡುವಿನ ಸುರುಳಿಯಲ್ಲಿ ವಿದ್ಯುತ್ ಹರಿದರೆ ಅದು ಚಲಿಸುತ್ತದೆ, ಸ್ಪೀಕರ್ ಅಂದರೆ ಅಷ್ಟೇ ಎಂದು ಹಲಗೆಯ ಮೇಲೆ ಚಿತ್ರ ಬರೆದವನು ನಾನು.

ಆ ಪ್ಲಾಸ್ಟಿಕ್ ಚೀಲದ "ಹಳೆಯ ಬೋರ್ಡ್" ತೆಗೆದೆ. ನನ್ನ ಸಬ್‌ವೂಫರಿನ ಹಿಂದೆ ಫೇಸ್ ಬದಲಿಸುವ ಸ್ವಿಚ್ ಇದೆ, ಆಟೋ ಸ್ವಿಚ್ ಇದೆ, ಎಷ್ಟು ತಗ್ಗಿನ ದನಿಯವರೆಗೆ ಸಬ್‌ವೂಫರ್ ನುಡಿಯಬೇಕೆಂದು ಗೊತ್ತುಮಾಡುವ ಕ್ರಾಸ್‌ಓವರ್ ಗುಂಡಿ ಇದೆ. ಆ ಬೋರ್ಡಿನಲ್ಲಿ ಇವು ಯಾವುದಕ್ಕೂ ಜಾಗವೇ ಇಲ್ಲ. ಧ್ವನಿ, ಬಾಸ್, ಟ್ರೆಬಲ್ ಎಂಬ ಮೂರು ಗುಂಡಿಗಳ ಬುಡ ಮಾತ್ರ ಇವೆ. ಕಂಪ್ಯೂಟರಿಗೆ ಜೋಡಿಸುವ ಅಗ್ಗದ ಸ್ಪೀಕರ್ ಸೆಟ್ಟಿನ ಬೋರ್ಡ್ ಅದು.

ಮರುದಿನ ಅಂಗಡಿಗೆ ಹೋದೆ. ಫಲಕದ ಫೋಟೋ ತೋರಿಸಿದೆ.

"ಚೀಟಿ ಹೊಸದು ಹಚ್ಚಿದ್ದೇವೆ" ಎಂದ. ತಾರೀಖು ತೋರಿಸಿದೆ. "ಹಾಗಾದರೆ ಮುಂದಿನ ಸ್ಪೀಕರ್ ಬಿಚ್ಚಿ ಒಳಗಿನಿಂದ ಹಾಕಿದ್ದು" ಎಂದ. ಸ್ವಿಚ್ಚು, ಗುಂಡಿ, ಸಾಕೆಟ್ ಎಲ್ಲ ಫಲಕದ ತೂತುಗಳಿಂದ ಹೊರಗೆ ಬಂದಿವೆ, ಒಳಗಿನಿಂದ ಹೇಗೆ ಹಾಕಿದೆ ಎಂದು ಕೇಳಿದೆ. "ಅದು ನಮ್ಮ ಹುಡುಗನಿಗೆ ಗೊತ್ತು, ಅವನು ಊರಿಗೆ ಹೋಗಿದ್ದಾನೆ." ಬೋರ್ಡನ್ನು ಮೇಜಿನ ಮೇಲಿಟ್ಟೆ. ನೋಡಲೂ ಇಲ್ಲ. "ಚೀಲ ಅದಲುಬದಲಾಗಿರಬಹುದು." ಅಷ್ಟರಲ್ಲಿ ಬೇರೆ ಗಿರಾಕಿ ಬಂದರು. ದನಿ ತಗ್ಗಿಸಿ, "₹500 ಕೊಡುತ್ತೇನೆ ಮಾಸ್ತರೇ, ಇಲ್ಲಿಗೆ ಬಿಡಿ" ಎಂದ. ಬೇಡ, ಪೂರ್ತಿ ಹಣ ಕೊಡು ಎಂದೆ. ಆಗ ಅವನು ಎಲ್ಲರಿಗೂ ಕೇಳುವಂತೆ ಹೇಳಿದ್ದು ಇದು: "ವಿಜ್ಞಾನ ಕಲಿಸಿದವರು ನೀವು. ಅಷ್ಟು ಗೊತ್ತಿದ್ದರೆ ಮನೆಯಲ್ಲೇ ನೋಡಿಕೊಳ್ಳಬೇಕಿತ್ತು, ಇಲ್ಲಿಗೆ ಯಾಕೆ ಬಂದಿರಿ?"

ನಾನು ಅಲ್ಲಿ ಉತ್ತರ ಕೊಡಲಿಲ್ಲ, ಗಂಟಲು ಕಟ್ಟಿತ್ತು. ಇಲ್ಲಿ ಕೊಡುತ್ತೇನೆ. ನಂಬಿ ಬಂದೆ. ಪರದೆಯ ಹಿಂದೆ ಆ ಐದು ನಿಮಿಷದಲ್ಲಿ ನೀನು ತಂತಿ ಸಿಕ್ಕಿಸಿ ನೋಡಿದ್ದೀಯ, ಡಬ್ಬ ಸರಿ ಇದೆ ಎಂದು ನಿನಗೆ ಆಗಲೇ ತಿಳಿದಿತ್ತು. "ಇದು ಸರಿ ಇದೆ, ಮನೆಯ ಕೇಬಲ್ ನೋಡಿ, ತಪಾಸಣೆಗೆ ₹200 ಕೊಡಿ" ಎಂದಿದ್ದರೆ ಮುನ್ನೂರು ಕೊಟ್ಟು ಕೈ ಮುಗಿದು ಬರುತ್ತಿದ್ದೆ. ಕೆಟ್ಟಿದ್ದನ್ನು ಸರಿ ಮಾಡಲು ಹೆಚ್ಚು ಹಣ ಕೇಳಿದರೆ ಅದು ದುಬಾರಿ, ಅಷ್ಟೇ. ಸರಿ ಇದ್ದದ್ದನ್ನು ಕೆಟ್ಟಿದೆ ಎಂದು ಮಾರಿದ್ದೀಯ.

ನಿಮ್ಮ ಸಬ್‌ವೂಫರ್ ಸುಮ್ಮನಾದರೆ ದಯವಿಟ್ಟು ಮೊದಲು ಕೇಬಲ್ ಬದಲಿಸಿ ನೋಡಿ. ಬೆರಳಿನ ಪರೀಕ್ಷೆ ಮಾಡಿ, ಧ್ವನಿ ತೀರಾ ಕಡಿಮೆ ಇಟ್ಟು. ಆಂಪ್ಲಿಫೈಯರಿನ ಮೆನುವಿನಲ್ಲಿ ಸಬ್‌ವೂಫರ್ 'ಇದೆ' ಎಂದೇ ಇರಲಿ, ಮುಂದಿನ ಸ್ಪೀಕರುಗಳು 'ಸ್ಮಾಲ್' ಎಂದಿರಲಿ, ಕ್ರಾಸ್‌ಓವರ್ 80 ಹರ್ಟ್ಜ್ ಸಾಕು. 'ಲಾರ್ಜ್' ಎಂದಿದ್ದರೆ ಎಷ್ಟೋ ಆಂಪ್ಲಿಫೈಯರುಗಳು ಎರಡು ಚಾನೆಲ್ಲಿನ ಹಾಡಿನ ಬಾಸನ್ನು ಸಬ್‌ವೂಫರಿಗೆ ಕಳುಹಿಸುವುದೇ ಇಲ್ಲ. ದೀಪವೇ ಉರಿಯದಿದ್ದರೆ ಪ್ಲಗ್ ಕಿತ್ತು ಫ್ಯೂಸ್ ನೋಡಿ, ಬಹಳ ಡಬ್ಬಗಳಲ್ಲಿ ಅದು ಕರೆಂಟ್ ಸಾಕೆಟ್ಟಿನ ಬಳಿಯೇ ಇರುತ್ತದೆ. ಅಂಗಡಿಗೆ ಒಯ್ಯಲೇಬೇಕಾದರೆ ಕೇಬಲನ್ನೂ ಒಯ್ಯಿರಿ, ಸ್ಕ್ರೂಗಳ ಫೋಟೋ ತೆಗೆದಿಡಿ, ಎದುರಿಗೆ ಬಿಚ್ಚಲು ಒಪ್ಪದಿದ್ದರೆ ಚಹಾ ಕುಡಿಯದೆ ವಾಪಸು ಬನ್ನಿ.

ಬಿಲ್ ಕೊಡದಿರುವುದೇ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಬರೆಸಿದ್ದೇನೆ. ಜಿಲ್ಲಾ ಗ್ರಾಹಕರ ಆಯೋಗ ಕಾರವಾರದಲ್ಲೇ ಇದೆ, ಎರಡು ವರ್ಷದೊಳಗೆ ದೂರು ಕೊಡಬಹುದು, ಐದು ಲಕ್ಷದವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ. ಮೊಬೈಲಿನಲ್ಲಿ ಕಳುಹಿಸಿದ ₹3,000ಕ್ಕೆ ದಾಖಲೆ ಇದೆ. ನಗದು ಕೊಟ್ಟದ್ದಕ್ಕೆ ಆ ಕ್ಯಾಲೆಂಡರಿನ ಚೂರು ಮಾತ್ರ ಇದೆ, ಅದನ್ನೂ ಜೋಪಾನವಾಗಿ ಇಟ್ಟಿದ್ದೇನೆ.

ಇನ್ನೊಂದು ವಿಷಯ. ಆ ಬೋರ್ಡಿನ ಹಿಂಬದಿಯಲ್ಲಿ ನೀಲಿ ಮಾರ್ಕರಿನಿಂದ 7 ಎಂದು ಬರೆದಿದೆ. ನಿಮ್ಮಲ್ಲಿ ಯಾರಿಗಾದರೂ ಕಾರವಾರದಲ್ಲಿ ರಿಪೇರಿ ಮಾಡಿಸಿದಾಗ ಇಂಥ "ಹಳೆಯ ಬೋರ್ಡ್" ಕೊಟ್ಟಿದ್ದರೆ ಎಸೆಯಬೇಡಿ. ಹಿಂದೆ ನೀಲಿ ಅಂಕಿ ಇದೆಯೇ ನೋಡಿ, ಇದ್ದರೆ ನನಗೆ ತಿಳಿಸಿ.